ಮೊಮ್ಮಗನ ಕಾಗದವೂ ಜಪಾನೀ ಅಕ್ಷರಗಳೂ

ವಯಸ್ಸಾದ ಮೇಲೆ ಅಕ್ಷರಾಭ್ಯಾಸಕ್ಕೆ ಕುಳಿತವರನ್ನು ಕಂಡು ನೆರೆಹೊರೆಯವರು ನಗುವುದು ಸಹಜವೇ ಸರಿ. ಹಲಸೂರಿನ ನಮ್ಮ ಮನೆಯ ಜಗಲಿಯಲ್ಲಿ ನಾವು ಚೌಕದ ಪುಸ್ತಕವನ್ನು ತೆರೆದುಕೊಂಡು ಜಪಾನೀ ಅಕ್ಷರಗಳನ್ನು ತಿದ್ದುತ್ತಿದ್ದಾಗ ಮಿತ್ರರೊಬ್ಬರು ಬಂದು, “ಸ್ವಾಮಿ, ಇನ್ನು ಯಾವ ಪರೀಕ್ಷೆಗೆ ಕಟ್ಟುವಿರಿ?” ಎಂದು ಕೇಳಿದರು. ಆ ಭಾಷೆಗೆ ಐದು ಮೆಟ್ಟಿಲುಗಳ ಪರೀಕ್ಷೆಯೊಂದು ಉಂಟು. ಅದು ನಮ್ಮ ಬೆಂಗಳೂರಿನಲ್ಲಿಯೂ ನಡೆಯುತ್ತದೆ. ಉದ್ಯೋಗದ ಆಸೆಯಿಂದ ತರುಣರು ಅದಕ್ಕೆ ಓದುತ್ತಾರೆ. ನಮಗೆ ಅಂತಹ ಆಸೆ ಇರಲಿಲ್ಲ. ನಮ್ಮ ಮಗಳೂ ಅಳಿಯಂದಿರೂ ಜಪಾನಿನ ನಾಗೋಯಾ ನಗರದಲ್ಲಿದ್ದಾರೆ. ಮೊಮ್ಮಗನು ಅಲ್ಲಿಯ ಪಾಠಶಾಲೆಯಲ್ಲಿ ಒಂದನೆಯ ತರಗತಿಗೆ ಸೇರಿದನು. ಅವನು ಕನ್ನಡವನ್ನು ಮಾತನಾಡಬಲ್ಲನು, ಬರೆಯಲಾರನು. ಅವನು ಬರೆದುದನ್ನು ನಾವು ಓದಲಾರೆವು. ತಾತನೂ ಮೊಮ್ಮಗನೂ ಒಬ್ಬರಿಗೊಬ್ಬರು ನಿರಕ್ಷರಕುಕ್ಷಿಗಳಾಗಿರುವುದು ನಮ್ಮ ಮನಸ್ಸನ್ನು ಮುಳ್ಳಿನಂತೆ ಚುಚ್ಚುತ್ತಿದ್ದಿತು.

ಜಪಾನೀಯರ ಬರೆವಣಿಗೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಅಕ್ಷರಗಳು ಬೆರೆತಿರುತ್ತವೆ. ಉಚ್ಚಾರಣೆಯನ್ನು ತಿಳಿಸುವ ‘ಕಾನಾ’ ಒಂದು. ಚೀನದಿಂದ ಬಂದು ಅರ್ಥವನ್ನು ತಿಳಿಸುವ ‘ಕಾಂಜಿ’ ಮತ್ತೊಂದು. ಕಾನಾದ ಅನುಕ್ರಮವು ಬೌದ್ಧ ವಿದ್ವಾಂಸರ ಸಂಸ್ಕೃತಾಭ್ಯಾಸದ ಫಲವಾದುದರಿಂದ ಅದರಲ್ಲಿ ನಮ್ಮ ವರ್ಣಮಾಲೆಯ ಜಾಡು ಇನ್ನೂ ಕಾಣುತ್ತದೆ: ಅ, ಇ, ಉ, ಎ, ಒ, ಅನಂತರ ಕ, ಸ, ತ, ನ, ಹ, ಮ, ಯ, ರ, ವ. ಕಾಂಜಿಯಾದರೋ ಸಮುದ್ರವೇ. ನಿತ್ಯವ್ಯವಹಾರಕ್ಕೆಂದು ಅಲ್ಲಿಯ ಸರ್ಕಾರದವರು ಗೊತ್ತುಮಾಡಿರುವ ಪಟ್ಟಿಯಲ್ಲಿ, ೨೦೧೦ರ ಪರಿಷ್ಕರಣದಿಂದ ಈಚೆಗೆ, ೨೧೩೬ ಅಕ್ಷರಗಳಿವೆ. ಒಂದನೆಯ ತರಗತಿಯ ಮಗುವಿನ ಪಾಲಿಗೆ ೮೦. ಆ ಎಂಬತ್ತನ್ನು ಮೊಮ್ಮಗನ ಜೊತೆಜೊತೆಗೇ ಕಲಿಯಬೇಕೆಂದು ನಾವು ನಿಶ್ಚಯಿಸಿದೆವು. “ಈ ಕಾಂಜಿಯೋ ಗಂಜಿಯೋ, ಊಟದ ಹೊತ್ತಿಗೆ ಮಾತ್ರ ಮುಗಿಸಿಬಿಡಿ” ಎಂದು ನಮ್ಮ ಮನೆಯವರು ಅನುಮತಿಯನ್ನು ಕೊಟ್ಟರು.

ಗುರುಗಳನ್ನು ಅರಸಿಕೊಂಡು ಹೋಗಲಿಲ್ಲ. ಇಂಟರ್‌ನೆಟ್ಟಿನಲ್ಲಿ ಬಿಟ್ಟಿಯಾಗಿ ದೊರೆಯುವ ಸಾಧನಗಳೇ ನಮಗೆ ಗುರುಗಳಾದುವು. ಉಚ್ಚಾರಣೆಯೇ ತಿಳಿಯದ ಅಕ್ಷರವನ್ನು ನಿಘಂಟಿನಲ್ಲಿ ಹುಡುಕುವುದು ಹೇಗೆ? ‘ಜಿಶೋ’ ಎಂಬ ನಿಘಂಟಿನಲ್ಲಿ ಅದರ ಅಂಗಗಳನ್ನು ಒಂದೊಂದಾಗಿ ಆರಿಸಿ ಒತ್ತಿದರೆ, ಆ ಅಂಗಗಳುಳ್ಳ ಅಕ್ಷರಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಆಸ್ಟ್ರೇಲಿಯದ ಜಿಮ್ ಬ್ರೀನ್ ಎಂಬ ವಿದ್ವಾಂಸರು ೧೯೯೧ರಲ್ಲಿ ಆರಂಭಿಸಿ ಲೋಕಕ್ಕೆಲ್ಲ ಧರ್ಮಾರ್ಥವಾಗಿ ಬಿಟ್ಟುಕೊಟ್ಟ ಪದಕೋಶವೇ ಇದಕ್ಕೆ ತಳಹದಿ. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದನ್ನು ತೋರಿಸುವ ಚಿತ್ರಗಳು ಉಲ್ರಿಚ್ ಆಪೆಲ್ ಎಂಬವರ ‘ಕಾಂಜಿವಿಜಿ’ ಎಂಬ ಸಂಗ್ರಹದವು. ಮೂರನೆಯದು ‘ಅಂಕಿ’. ನಮ್ಮ ಅಂಕಿಯಲ್ಲ, ಬಾಯಿಪಾಠ ಮಾಡುವುದೆಂದು ಜಪಾನಿಯಲ್ಲಿ ಅದರ ಅರ್ಥ. ಮರೆತ ಅಕ್ಷರದ ಚೀಟಿಯನ್ನು ಅದು ಬೇಗನೆ ಮುಂದಿಡುತ್ತದೆ, ನೆನಪಿರುವುದನ್ನು ಹಲವು ದಿನ ಬಿಟ್ಟು ತರುತ್ತದೆ. ಕೃಷ್ಣರಾಜಪುರದಲ್ಲಿರುವ ತಮ್ಮನ ಮನೆಗೆ ಹೋಗುವಾಗ ಮೆಟ್ರೋ ಗಾಡಿಯಲ್ಲಿ ಕುಳಿತು, ಇಂದಿರಾನಗರ ಕಳೆದುದೂ ತಿಳಿಯದಂತೆ ನಾವು ಈ ಚೀಟಿಗಳನ್ನು ಮಗುಚುತ್ತಿದ್ದೆವು.

ಕಲಿಕೆಯಲ್ಲಿ ಸಂತೋಷವೂ ಉಂಟು. ಒಂದು ಮರ ‘ಮರ’, ಎರಡು ಮರ ಸೇರಿದರೆ ತೋಪು, ಮೂರಾದರೆ ಕಾಡು. ಮರದ ಬುಡಕ್ಕೆ ಒಂದು ಗೀಟನ್ನೆಳೆದರೆ ‘ಮೂಲ’, ‘ಪುಸ್ತಕ’. ಮರದ ಪಕ್ಕದಲ್ಲಿ ಮನುಷ್ಯನು ನಿಂತರೆ ‘ವಿಶ್ರಾಂತಿ’. ಒಂದೇ ಅಕ್ಷರಕ್ಕೆ ಎರಡೆರಡು ಓದು ಇರುವುದು ಕನ್ನಡಿಗರಿಗೆ ಸೋಜಿಗವಾಗಬೇಕಾದುದಿಲ್ಲ. ನೀರಿನ ಅಕ್ಷರವನ್ನು ಒಂಟಿಯಾಗಿದ್ದಾಗ ‘ಮಿಜು’ ಎಂತಲೂ ಸಮಾಸದಲ್ಲಿ ಸಾಮಾನ್ಯವಾಗಿ ‘ಸುಯ್’ ಎಂತಲೂ ಓದುತ್ತಾರೆ. ನಾವು ಕುಡಿಯುವಾಗ ‘ನೀರು’ ಎಂದು, ‘ಜಲಾಶಯ’ ಎನ್ನುವಾಗ ‘ಜಲ’ ಎಂದು ಹೇಳುವುದಿಲ್ಲವೆ?

ಮೂರು ತಿಂಗಳಲ್ಲಿ ಐವತ್ತು ಅಕ್ಷರಗಳಾದುವು. ಗರ್ವವೂ ಬಂದಿತು. ಅಷ್ಟರಲ್ಲಿ, ಆಷಾಢದ ಒಂದು ಸಂಜೆ, ಮೊಮ್ಮಗನ ಕೈಬರಹದ ಕಾರ್ಡು ಬಂದಿತು. ಅದರಲ್ಲಿ ಬಹುಭಾಗ ಕಾನಾ. ಅದು ಸುಲಭವೆಂಬ ತಾತ್ಸಾರದಿಂದ ನಾವು ಅದನ್ನು ಕಲಿತೇ ಇರಲಿಲ್ಲ. ನಡುವೆ ಪರಿಚಯದ ಕಾಂಜಿ ಒಂದೇ ಒಂದು: ಮರದ ಪಕ್ಕದ ಮನುಷ್ಯ. ನಿಘಂಟನ್ನು ತೆರೆದರೆ ‘ವಿಶ್ರಾಂತಿ, ಬಿಡುವು, ನಿದ್ರೆ’ ಎಂದಿದ್ದಿತು. ಹಿಂದಿನ ವಾರವಷ್ಟೇ ಮಗುವಿಗೆ ಜ್ವರ ಬಂದಿದ್ದಿತು. ಶಾಲೆಗೆ ಹೋಗದೆ ಮಲಗಿದ್ದಾನೆಂದೇ ನಾವು ಅರ್ಥಮಾಡಿದೆವು. ಮನೆಯವರು ಕಣ್ಣೀರಿಟ್ಟರು. ರಾತ್ರಿ ಒಂಬತ್ತೂವರೆಗೆ ಫೋನು ಮಾಡಿದೆವು. ಅಲ್ಲಿ ಆಗ ಒಂದು ಘಂಟೆಯ ಸರಿರಾತ್ರಿ. ನಮಗೇ ಏನೋ ಆಯಿತೆಂದು ಮಗಳು ಗಾಬರಿಯಿಂದ ಎದ್ದಳು. ವಿಷಯ ತಿಳಿದ ಮೇಲೆ, “ಅಪ್ಪಾ, ಅದರ ಹಿಂದಿನ ಎರಡು ಅಕ್ಷರವನ್ನೂ ಸೇರಿಸಿ ಓದಬೇಕು. ‘ನತ್ಸುಯಸುಮಿ’, ಬೇಸಗೆಯ ರಜ. ರಜಕ್ಕೆ ಹಲಸೂರಿಗೆ ಬರುತ್ತೇನೆ ಅಂತ ಬರೆದಿದ್ದಾನೆ” ಎಂದಳು.

ಸಿಹಿಸುದ್ದಿಯನ್ನು ಹೊತ್ತು ಬಂದ ಕಾರ್ಡಿನಿಂದ ನಾವು ಎರಡು ಮನೆಗಳ ನಿದ್ರೆಯನ್ನು ಕೆಡಿಸಿದೆವು. ಸಾಧನಗಳಲ್ಲಿ ದೋಷವಿರಲಿಲ್ಲ, ನಿಘಂಟು ಕೇಳಿದುದಕ್ಕೆ ಉತ್ತರವನ್ನು ಕೊಟ್ಟಿತು, ಕೇಳಿದ ರೀತಿಯೇ ತಪ್ಪು. ಮನುಷ್ಯನಂತೆ ಅಕ್ಷರವೂ ತನ್ನ ನೆರೆಯವರ ನಡುವೆಯೇ ಅರ್ಥವಾಗತಕ್ಕದ್ದು. ಮರುದಿನವೇ ಕಾನಾವನ್ನು ಮೊದಲಿನಿಂದ ಹಿಡಿದೆವು. ಚೀಟಿಗಳಲ್ಲಿ ಒಂಟಿ ಅಕ್ಷರವನ್ನು ತೆಗೆದು ಇಡಿಯ ಪದವನ್ನೂ ಒಂದು ಚಿಕ್ಕ ವಾಕ್ಯವನ್ನೂ ಬರೆದೆವು. ಈ ವಿದ್ಯೆಗೆ ತೊಡಗುವ ವಾಚಕರು ಯಾರಾದರೂ ಇದ್ದರೆ, ಇದೇ ಕ್ರಮವನ್ನು ಅನುಸರಿಸಬೇಕೆಂದು ಕೋರುತ್ತೇವೆ.

ಮಗು ಬಂದನು. ಹಲಸೂರು ಕೆರೆಯ ದಡದಲ್ಲಿ ಮರದ ನೆರಳಿಗೆ ಕುಳಿತು, ನಮ್ಮ ಪುಸ್ತಕವನ್ನು ನೋಡಿ, “ಮೊದಲು ಅಡ್ಡಗೆರೆ, ತಾತ” ಎಂದು ನಮ್ಮ ಕೈಹಿಡಿದು ತಿದ್ದಿಸಿದನು. ಫೋನಿನ ಗಾಜಿನ ಮೇಲೆ ನೂರು ಸಲ ಕಂಡಿದ್ದ ಗೆರೆ ಆಗಲೇ ನಮ್ಮ ಬೆರಳಿಗೆ ಬಂದುದು. ಅನಂತರ ಅದೇ ಪುಟದಲ್ಲಿ ನಾವು ಅವನ ಕೈಹಿಡಿದು ‘ಮರ’ ಎಂದು ಬರೆಯಿಸಿದೆವು. ಅವನು ತಲೆಯನ್ನು ಓರೆಮಾಡಿ ಬಹಳ ಹೊತ್ತು ನೋಡಿ, “ನಿಮ್ಮ ಮರಕ್ಕೆ ಸುರುಳಿ ಜಾಸ್ತಿ, ತಾತ” ಎಂದು, ಇನ್ನೊಂದು ಸಲ ತಾನಾಗಿಯೇ ಬರೆದನು.