ಅವ್ವನ ಕ್ಯಾಸೆಟ್ಟು

ಹೋದ ತಿಂಗ್ಳೆಲ್ಲ ನಮ್ಮನೇಲಿ ಸುಟ್ಟ ರಾಳದ ವಾಸನ. ಪಕ್ಕದ್ಮನ ಅಕ್ಕ ಬಂದು ‘ಸಾಂಬ್ರಾಣಿ ಹಾಕಿದ್ದಿಯೇನವ್ವ’ ಅಂದ್ರು. ಸಾಂಬ್ರಾಣಿ ಅಲ್ಲ ಕನಕ್ಕ, ನನ್ಮಗ ಪಡಸಾಲೇಲಿ ಕೂತ್ಕಂಡು ಸೀಸ ಕರಗಿಸ್ತಾವ್ನ ಅಂದಿ.

ವಿಸ್ಯ ಏನಪ್ಪ ಅಂದ್ರ, ನಮ್ಮವ್ವ ಸೋಬಾನ ಹೇಳಿರ ಒಂದು ಕ್ಯಾಸೆಟ್ಟು ನನ್ನತ್ರ ಅದ. 1998ರಲ್ಲಿ ತಂಗಿ ಮದುವೇಲಿ, ಹರವೇಲಿ ನಮ್ಮ ತವರುಮನ ಜಗುಲಿ ಮ್ಯಾಲ ಟೇಪ್ ರೆಕಾರ್ಡರ್ ಮಡಗಿ ತುಂಬಿಸಿದ್ದು. ಅವ್ವ ಹೋಗಿ ಹನ್ನೊಂದು ವರ್ಸ ಆಯ್ತು. ಅವ್ಳ ದನಿ ಅಂತ ಉಳಿದಿರದು ಅದೊಂದೇಯ. ಟೇಪು ಮಾತ್ರ ಮೂಗಿ ಆಗೋಗಿತ್ತು. ರೀಲು ತಿರುಗ್ತದ, ದನಿ ಇಲ್ಲ. ರಿಪೇರಿಯವ ‘ಒಳಗಿನ ಐಸಿ ಸುಟ್ಟೋಗದ, ಈಗ ಸಿಕ್ಕದಿಲ್ಲ, ಎಸೆದುಬುಡಿ’ ಅಂದ. ಎಸೆಯದೆಲ್ಲಿ ಬಂತು.

ಮಗ ಬಿಚ್ಚಿ ನೋಡ್ದ. ‘ಅವ್ವ, ಟೇಪ ಓದದು ಬೇರ, ದನಿ ದೊಡ್ಡದು ಮಾಡದು ಬೇರ. ಓದದು ನೆಟ್ಟಗದ. ದೊಡ್ಡದು ಮಾಡದ ನಾವೇ ಕಟ್ಕಳವ’ ಅಂದ. ಅದೇ ಆಂಪ್ಲಿಫೈಯರು.

ಟಿಡಿಎ 2030 ಅಂತ ಐದು ಕಾಲಿನ ಒಂದು ಐಸಿ ತಂದ. ಹೆಬ್ಬೆಟ್ಟಿನ ಉಗುರಷ್ಟದ, 14 ವ್ಯಾಟ್ ಕೊಡ್ತದಂತ. 1935ರಲ್ಲಿ ಮೈಸೂರಲ್ಲಿ ಗೋಪಾಲಸ್ವಾಮಿ ಮೇಷ್ಟ್ರು ತಮ್ಮ ಮನೇಲೇ ರೇಡಿಯೊ ಸುರು ಮಾಡ್ದಾಗ ಇದ್ದದ್ದೇ 30 ವ್ಯಾಟು, ನಿಂದು ಅದ್ರಲ್ಲಿ ಅರ್ಧ ಬಂತಲ್ಲ ಅಂದಿ. ‘ಆ ವ್ಯಾಟೇ ಬೇರ ಕನವ್ವ’ ಅಂತ ನಗಾಡ್ದ.

ಮೊದಲ್ನೆ ಐಸಿ ಟಪ್ ಅಂತು. 12-0-12 ಟ್ರಾನ್ಸ್‌ಫಾರ್ಮರ್ ಕೇಳಿದ್ರ ಅಂಗಡಿಯವ ದೊಡ್ಡದೇ ಇರ್ಲಿ ಅಂತ 15-0-15 ಕೊಟ್ಟಿದ್ದ. 15 ವೋಲ್ಟು ಡಯೋಡು ದಾಟಿ ಕೆಪಾಸಿಟರ್ ತುಂಬ್ತು ಅಂದ್ರ 20 ಆಯ್ತದ, ಐಸಿ ತಡಿಯದು ಒಂದೊಂದು ಕಡಗ 18 ಅಷ್ಟೇಯ. 12ರದು ತಂದ್ ಹಾಕುದ್ಮೇಲ 16ಕ್ಕ ನಿಂತ್ಕತು.

ಆಮೇಲ ಸ್ಪೀಕರ್ ರಗಳೆ. ಓರಗಿತ್ತಿ ಮನೇಲಿ ಅಟ್ಟದ ಮ್ಯಾಲ ಬಿದ್ದಿದ್ದ ಎರಡು ಸ್ಪೀಕರ್ ಇಸ್ಕಂಡು ಬಂದಿ, ಒಂದೊಂದೂ 4 ಓಮಿಂದು. ಎರಡನ್ನೂ ಅಕ್ಕಪಕ್ಕ ಜೋಡಿಸ್ದ. ಐದು ನಿಮಿಸ ಹಾಡ್ತದ, ಉಸಿರು ನಿಲ್ಲಿಸ್ತದ, ಆರುದ್ಮೇಲ ತಿರ್ಗ ಹಾಡ್ತದ. ಐಸಿ ಮುಟ್ಟಿದ್ರ ಕಾವಲಿ ಆಗಿತ್ತು. ಹಂಗ ಜೋಡಿಸಿದ್ರ 4 ಹೋಗಿ 2 ಓಮ್ ಆಯ್ತದಂತ. ಒಂದೇ ಮೋಟ್ರಿಗ ಎರಡು ನಲ್ಲೀನೂ ಒಟ್ಟಿಗೆ ಬುಟ್ಟಂಗ, ಕರೆಂಟು ಜಾಸ್ತಿ ಎಳೀತದ. ಒಂದರ ಬಾಲಕ್ಕ ಇನ್ನೊಂದರ ತಲ ಕಟ್ಟಿದ್ರ 8 ಓಮ್. ಜೋರು ವಸಿ ಕಮ್ಮಿ ಆಯ್ತು, ಬಿಸಿ ನಿಂತೋಯ್ತು. ತಲ ಯಾವುದು ಬಾಲ ಯಾವುದು ಅಂತ ನೋಡಕ ಗೋಡೆ ಗಡಿಯಾರದ ಸೆಲ್ಲು ಕಿತ್ಕಂಡು ಮುಟ್ಟಿಸ್ದ. ಕಾಗದದ ಗೂಡು ಮುಂದಕ್ಕ ನೂಕಿದ್ರ ಸರಿ. ಉಲ್ಟಾ ಕಟ್ಟಿದ್ರ ಒಂದು ನೂಕ್ತದ, ಒಂದು ಎಳೀತದ, ದಪ್ಪ ದನಿಯೆಲ್ಲ ಮಾಯ. (ಗಡಿಯಾರ ಇನ್ನೂ ನಿಂತೇ ಅದ.)

ಇಷ್ಟಾದ್ರೂ ಗುಂಯ್ ಅಂತ ಜೇನುಗೂಡಿನ ಸದ್ದು. ಟೇಪಿನ ವಾಲ್ಯೂಮ್ ತಿರುಪಿನ ಕಾಲಿಂದ ಎಳ್ಕಂಡ ತಂತಿ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಹಾದೋಗಿತ್ತು. ಜಾಲರಿ ಸುತ್ತಿರ ತಂತಿ ಹಾಕಿ, ಟ್ರಾನ್ಸ್‌ಫಾರ್ಮರ ಡಬ್ಬದ ಆ ಮೂಲಗ ತಳ್ಳುದ್ಮೇಲ ಅಡಗ್ತು. ಡಬ್ಬ ಅಂದ್ರ ನನ್ನ ಅರಿಶಿನದ ಸ್ಟೀಲ್ ಡಬ್ಬ. ಕೇಳ್ದೇನೇ ತಗಂಡಿದ್ದ, ಬಯ್ಯಕ ಮನಸ್ಸಾಗ್ನಿಲ್ಲ.

ತಂಗಿಗ ಫೋನ್ ಹಚ್ಚಿ ಪಕ್ಕದಲ್ಲಿ ಮಡಿಕಂಡು ಕ್ಯಾಸೆಟ್ ಹಾಕ್ದೊ. ಮೊದ್ಲು ಬಳೆ ಸದ್ದು, ಯಾರೋ ಕೆಮ್ಮಿದ್ದು. ಆಮೇಲ ಅವ್ವ. ಎಳದು ಹೇಳ್ತಾ ಹೇಳ್ತಾ ನಡುವೆ ಒಂದು ಕೂಸು ಅಳ್ತದ, ಹಳೇ ಸಣ್ಣ ಸ್ಪೀಕರಲ್ಲಿ ಅದು ಯಾವತ್ತೂ ನಮಗ ಕೇಳಿಸಿರ್ನಿಲ್ಲ. ಅವ್ವ ಹಾಡು ನಿಲ್ಲಿಸಿ, ‘ಆ ಮೊಗೀನ ಎತ್ಕಳ್ರವ್ವ ಯಾರಾದ್ರೂ’ ಅಂತಾಳ.

ಆ ಮದುವೇಲಿ ಕೂಸು ಅಂತ ಇದ್ದದ್ದು ನನ್ಮಗ ಒಬ್ನೇಯ. ಸೀಸದ ಕಡ್ಡಿ ಇನ್ನೂ ಕೈಲಿ ಹಿಡ್ಕಂಡೇ ನನ್ನ ಮೊಕ ನೋಡ್ದ. ಫೋನಲ್ಲಿ ತಂಗಿ ‘ವಸಿ ಹಿಂದಕ್ಕ ತಿರುಗ್ಸು, ತಿರ್ಗ ಕೇಳ್ಸು’ ಅಂತಿದ್ಲು.