ಕತ್ತು ತಿರುಗದ ಸುಬೇದಾರರು

ಕತ್ತಿನ ಮೂಳೆ ಜಿರಾಫೆಗೂ ಏಳೇ, ನಮ್ಮಪ್ಪನಿಗೂ ಏಳೇ, ನಮ್ಮ ನಾಯಿಗೂ ಏಳೇ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿದ ಡಾಕ್ಟ್ರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಇದನ್ನು ಹೇಳಿದಾಗ ನಾನು ಕಳವಳದಲ್ಲಿದ್ದೆ. ಅಪ್ಪ ಮಾತ್ರ ಅರಳಿದರು. ಐದನೆಯ ಮೂಳೆಗೂ ಆರನೆಯದಕ್ಕೂ ನಡುವಿನ ಸಂದು ಕಿರಿದಾಗಿದೆ ಎಂದು ಆಕೆ ಪೆನ್ನಿನ ತುದಿಯಲ್ಲಿ ತೋರಿಸಿದ್ದೇ ತಡ, "ನಂದೂ ಅಲ್ಲೇ ಮೇಡಂ, ಸಿ ಫೈವ್ ಸಿ ಸಿಕ್ಸ್" ಎಂದರು, ರೈಲಿನಲ್ಲಿ ಸ್ವಂತ ಊರಿನವರು ಸಿಕ್ಕ ಸಡಗರದಲ್ಲಿ.

ನಾಯಿಯ ಹೆಸರು ಸುಬೇದಾರ. ನಮ್ಮ ಮನೆ ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ. ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ ಇಲ್ಲೇ ಪಕ್ಕದಲ್ಲಿರುವುದರಿಂದ ನಮ್ಮ ಕಡೆ ನಾಯಿಗೂ ಹುದ್ದೆ ಕೊಡುವ ರೂಢಿ. ಅಮ್ಮ ಕರೆಯುವುದು ಸುಬ್ಬ ಎಂದು. ಅಪ್ಪನಿಗೆ ಯಾವತ್ತೂ "ಸುಬೇದಾರ್ರು". ತಾಯಿ ಜೋಗುಪಾಳ್ಯದ ಬೀದಿಯವಳು. ತಂದೆಯ ಬಗ್ಗೆ ದಾಖಲೆಯಿಲ್ಲ; ಆದರೆ ಉದ್ದ ಬೆನ್ನು, ಗಿಡ್ಡ ಕಾಲು ನೋಡಿದರೆ ಯಾವುದೋ ಬಂಗಲೆಯ ಡ್ಯಾಶ್‌ಹೌಂಡ್ ಒಂದು ರಾತ್ರಿ ಕಾಂಪೌಂಡ್ ದಾಟಿದ್ದು ಖಚಿತ. ಕಾಲನ್ನು ಗಿಡ್ಡ ಮಾಡುವ ವಂಶವಾಹಿಯೇ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆಯನ್ನು, ಅಂದರೆ ಡಿಸ್ಕನ್ನು, ಎಳೆ ವಯಸ್ಸಿನಲ್ಲೇ ಒಣಗಿಸಿ ಗಟ್ಟಿ ಮಾಡುತ್ತದಂತೆ. "ಪಿತ್ರಾರ್ಜಿತ" ಎಂದರು ಅಪ್ಪ. ಅದರ ಮೇಲೆ ದೀಪಾವಳಿಯ ರಾತ್ರಿ ಯಾರೋ ಸರಪಟಾಕಿ ಹಚ್ಚಿದರು, ಸುಬ್ಬ ಮಹಡಿ ಮೆಟ್ಟಿಲ ಕಟ್ಟೆಯಿಂದ ಕೆಳಕ್ಕೆ ಹಾರಿದ, ಕತ್ತು ಕೈಕೊಟ್ಟಿತು.

ಕತ್ತಿನ ನೋವು ನಾಯಿಗೆ ಬಂದಾಗ ಅದು ಕುಂಟಲೇಬೇಕೆಂದಿಲ್ಲ, ಗಾಯ ಕಾಣಿಸುವುದಿಲ್ಲ. ತಲೆಯನ್ನು ಒಂದೇ ಮಟ್ಟದಲ್ಲಿ ಹಿಡಿದಿರುತ್ತದೆ, ಬಟ್ಟಲಿಗೆ ಬಗ್ಗಲು ಹಿಂಜರಿಯುತ್ತದೆ, ಕರೆದರೆ ಕಣ್ಣನ್ನಷ್ಟೇ ಹೊರಳಿಸುತ್ತದೆ. ಎತ್ತಿಕೊಳ್ಳಲು ಹೋದರೆ ಕುಂಯ್ ಎನ್ನುತ್ತದೆ. ಸುಬ್ಬನ ತಲೆ ತುಸು ಬಲಕ್ಕೆ ವಾಲಿಯೂ ಇತ್ತು. ಬಂದವರೆಲ್ಲ ಅದನ್ನು ನೋಡಿ ಮೆಚ್ಚಿಕೊಳ್ಳುವರು: "ಎಷ್ಟು ಗಮನ ಇಟ್ಟು ಕೇಳಿಸ್ಕೊಳ್ತಾನೆ ನೋಡಿ!" ಇಂಗ್ಲಿಷ್ ಚಿತ್ರಕಾರ ಫ್ರಾನ್ಸಿಸ್ ಬರೋ ಗ್ರಾಮಫೋನ್ ಮುಂದೆ ಕೂರಿಸಿ ಅಮರನಾಗಿಸಿದ ನಿಪ್ಪರ್ ಎಂಬ ನಾಯಿ ಮಾಡಿದ ಉಪಕಾರವಿದು. ತಲೆ ವಾರೆಯಾದ ನಾಯಿ ಸಂಗೀತಪ್ರೇಮಿಯೇ ಇರಬೇಕೆಂದು ಜನ ಅಂದಿನಿಂದ ನಂಬಿದ್ದಾರೆ. ನಮ್ಮ ಸೋದರತ್ತೆಯಂತೂ ಸುಬ್ಬನ ಮುಂದೆ ಕೂತು ಸೊಸೆಯ ಮೇಲಿನ ದೂರುಗಳನ್ನೆಲ್ಲ ಹೇಳಿಕೊಂಡು ಹಗುರಾಗಿ ಹೋದರು. ಎದ್ದು ಹೋಗಲು ಆತನಿಗೆ ನೋವಾಗುತ್ತಿತ್ತು, ಅಷ್ಟೆ.

ಡಾಕ್ಟ್ರಮ್ಮ ಕೊಟ್ಟ ಆಜ್ಞೆಗಳು ಸರಳ. ಕೆಲವು ವಾರ ಪುಟ್ಟ ಜಾಗದಲ್ಲಿ ಕಟ್ಟುನಿಟ್ಟಿನ ವಿಶ್ರಾಂತಿ. ಆಮೇಲೆ ಜೀವನಪೂರ್ತಿ ಕತ್ತಿಗೆ ಪಟ್ಟಿ ಬೇಡ, ಮೆಟ್ಟಿಲು ಬೇಡ, ಸೋಫಾದಿಂದ ಹಾರುವುದು ಬೇಡ, ಜಾರುವ ನೆಲ ಬೇಡ, ತೂಕ ಏರುವುದು ಬೇಡ. ಬಟ್ಟಲು ಎದೆಯ ಮಟ್ಟದಲ್ಲಿರಲಿ. ಮುಂಗಾಲು ಎಳೆಯತೊಡಗಿದರೆ, ನಡೆಯುವಾಗ ತೂರಾಡಿದರೆ, ಬೆಳಗಾಗಲಿ ಎಂದು ಕಾಯದೆ ಕರೆದುಕೊಂಡು ಬನ್ನಿ. ಅಪ್ಪ ಎಲ್ಲವನ್ನೂ ಹಳೆಯ ಡೈರಿಯಲ್ಲಿ ಬರೆದುಕೊಂಡರು. ಇದೇ ಅಪ್ಪ ತಮ್ಮ ಮೂಳೆ ಡಾಕ್ಟರು ಬರೆದುಕೊಟ್ಟ ಕತ್ತಿನ ಕಾಲರನ್ನು ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿ, "ಅದನ್ನ ಹಾಕ್ಕೊಂಡ್ರೆ ಮುದುಕನ ಥರ ಕಾಣ್ತೀನಿ" ಎಂದಿದ್ದವರು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು.

ಕತ್ತಿನ ಪಟ್ಟಿಯ ಬದಲು ಎದೆಗೆ ಕಟ್ಟುವ ಹಾರ್ನೆಸ್ಸಿಗೆ ಶಿವಾಜಿನಗರ. ಅಂಗಡಿಯಲ್ಲಿ ಸಿಗುವ ಯಾವ ಅಳತೆಯೂ ಅರ್ಧ ಡ್ಯಾಶ್‌ಹೌಂಡಿಗೆ ಹೊಂದಲಿಲ್ಲ. ಕೊನೆಗೆ ರಸೆಲ್ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಚರ್ಮದ ಕೆಲಸದ ಒಬ್ಬ ಹಿರಿಯರು ಸಿಕ್ಕರು. ಅವರ ತಾತ ದಂಡಿನ ಜಟಕಾ ಕುದುರೆಗಳಿಗೆ ಸಾಮಾನು ಹೊಲಿಯುತ್ತಿದ್ದರಂತೆ. ಸುಬ್ಬನ ಎದೆಯ ಸುತ್ತ ದಾರ ಹಿಡಿದು ಅಳೆಯುತ್ತ, "ಜೋರು ಎದೇಗೆ ಬೀಳ್ಬೇಕು ಸಾಬ್, ಗಂಟ್ಲಿಗೆ ಬಿದ್ರೆ ಕುದುರೇನೇ ಉಸಿರುಗಟ್ಟುತ್ತೆ, ಇದೇನು ಪಾಪ" ಎಂದರು. ಡಾಕ್ಟ್ರಮ್ಮ ಹೇಳಿದ್ದೂ ಅದನ್ನೇ. ಅಪ್ಪನಿಗೆ ಆ ಹೊಲಿಗೆ ಎಷ್ಟು ಹಿಡಿಸಿತೆಂದರೆ, ನನಗೂ ಒಂದು ಹೊಲಿದುಕೊಡುತ್ತೀರಾ ಎಂದು ಕೇಳುತ್ತಾರೇನೋ ಎಂಬ ಭಯ ನನಗಿತ್ತು. ಕೇಳಲಿಲ್ಲ. ಬರುವಾಗ ಆಟೋದವನಿಗೆ ಪ್ರತಿ ಹಂಪಿನಲ್ಲೂ "ನಿಧಾನ, ಒಳಗೆ ಪೇಷಂಟ್ ಇದ್ದಾರೆ" ಎನ್ನುತ್ತಿದ್ದರು. ಆಟೋದವನು ಕನ್ನಡಿಯಲ್ಲಿ ನೋಡಿದ್ದು ಅಪ್ಪನನ್ನೇ.

ಔಷಧದ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ನರದ ನೋವಿಗೆ ಕೊಡುವ ಗ್ಯಾಬಾಪೆಂಟಿನ್ ಅಪ್ಪನ ಡಬ್ಬಿಯಲ್ಲೂ ಇದೆ, ಸುಬ್ಬನ ಡಬ್ಬಿಯಲ್ಲೂ ಇದೆ, ಅಳತೆ ಬೇರೆ. ಆದರೆ ಅಪ್ಪ ನೋವು ಜಾಸ್ತಿಯಾದಾಗ ನುಂಗುವ ಡೈಕ್ಲೊಫಿನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಲ್ಲದು, ಮೂತ್ರಪಿಂಡ ಕೆಡಿಸಬಲ್ಲದು. ಐಬುಪ್ರೊಫೆನ್ ಕೂಡ ಹಾಗೆಯೇ. ದನಗಳಿಗೆ ಕೊಟ್ಟ ಇದೇ ಡೈಕ್ಲೊಫಿನಾಕ್ ಅವುಗಳ ಕಳೇಬರ ತಿಂದ ರಣಹದ್ದುಗಳನ್ನು ಸಾಲುಸಾಲಾಗಿ ಕೊಂದದ್ದರಿಂದ 2006ರಲ್ಲಿ ಸರ್ಕಾರ ಪಶುವೈದ್ಯಕೀಯದಲ್ಲಿ ಅದನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಕೆಲವೇ ಹದ್ದುಗಳನ್ನು ಅಪ್ಪ ಒಮ್ಮೆ ದುರ್ಬೀನಿನಲ್ಲಿ ನೋಡಿ ಬಂದಿದ್ದರು. ಈಗ ಎರಡು ಡಬ್ಬಿಗಳೂ ಎರಡು ಕೋಣೆಗಳಲ್ಲಿವೆ. ಸುಬ್ಬನ ಡಬ್ಬಿಯ ಮೇಲೆ ಅಪ್ಪನ ದುಂಡು ಅಕ್ಷರದಲ್ಲಿ "ಸುಬೇದಾರರಿಗೆ, ಊಟದ ನಂತರ" ಎಂದಿದೆ. ತಮ್ಮ ಡಬ್ಬಿಯ ಮೇಲೆ ಏನೂ ಬರೆದಿಲ್ಲ. ಸುಬ್ಬನಿಗೆ ಮಾತ್ರೆ ಕೊಡುವಾಗಲೇ ತಮ್ಮದೂ ನೆನಪಾಗುತ್ತದೆ.

ನಾನು ಹೇಳಬೇಕೆಂದಿರುವುದು ಮನೆಯ ವಿಷಯ. ಹಳೆಯ ಕೆಂಪು ಗಾರೆ ನೆಲ ಹೋಗಿ ಹೊಳೆಯುವ ಟೈಲ್ಸ್ ಬಂದ ಮೇಲೆ ಅಪ್ಪ ಗೋಡೆ ಹಿಡಿದು ನಡೆಯುತ್ತಿದ್ದುದನ್ನು ಅಮ್ಮನೂ ನಾನೂ ನೋಡಿದ್ದೆವು. ರಬ್ಬರ್ ಮ್ಯಾಟ್ ಹಾಸೋಣವೆಂದರೆ "ನಾನೇನು ಬಿದ್ದುಹೋಗ್ತೀನಾ?" ಎಂದು ಸಿಡುಕುವರು. ಈಗ ಹಜಾರದಿಂದ ಅಡಿಗೆಮನೆಯವರೆಗೆ ಮ್ಯಾಟ್ ಬಿತ್ತು, ಸುಬ್ಬನ ಹೆಸರಿನಲ್ಲಿ. ಮುಂಬಾಗಿಲ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಿದೆವು, ಸುಬ್ಬನಿಗಾಗಿ. ಅಪ್ಪ ಅದರ ಮೇಲೇ ಇಳಿಯುತ್ತಾರೆ, "ಒಬ್ರೇ ಹೋಗೋಕೆ ಅವರಿಗೆ ಬೇಜಾರು" ಎನ್ನುತ್ತ. ರಾತ್ರಿ ಹಜಾರದಲ್ಲಿ ಸಣ್ಣ ದೀಪ ಉರಿಯುತ್ತದೆ, ಸುಬ್ಬ ಕತ್ತಲಲ್ಲಿ ಎಡವಬಾರದಲ್ಲ! ಕತ್ತಲಲ್ಲಿ ನಾಯಿಗೆ ನಮಗಿಂತ ಚೆನ್ನಾಗಿ ಕಾಣಿಸುತ್ತದೆಂದು ಮೂವರಿಗೂ ಗೊತ್ತು. ಯಾರೂ ಬಾಯಿಬಿಡಲಿಲ್ಲ. ಸಂಜೆ ಬಿಸಿನೀರಿನ ಚೀಲ ಟವಲಿನಲ್ಲಿ ಸುತ್ತಿ ಸುಬ್ಬನ ಕತ್ತಿಗೆ ಶಾಖ ಕೊಟ್ಟು, "ಬಿಸಿ ಯಾಕೆ ದಂಡ ಮಾಡೋದು" ಎಂದು ಅದನ್ನೇ ತಮ್ಮ ಕತ್ತಿಗಿಟ್ಟುಕೊಳ್ಳುತ್ತಾರೆ.

ಬಟ್ಟಲಿನದು ಇನ್ನೊಂದು ಕತೆ. ಅಪ್ಪ ದೂರವಾಣಿನಗರದ ಐಟಿಐನಲ್ಲಿದ್ದವರು. 1948ರಲ್ಲಿ ಶುರುವಾದ ಆ ಕಾರ್ಖಾನೆ ದೇಶಕ್ಕೆಲ್ಲ ಟೆಲಿಫೋನ್ ಮಾಡಿಕೊಟ್ಟಿತು, ಅದರ ಬೆಂಚಿನ ಮೇಲೆ ಬಗ್ಗಿ ಡಯಲ್ ಜೋಡಿಸುತ್ತ ಅಪ್ಪ ಕತ್ತು ಕೊಟ್ಟರು. ನಮ್ಮ ಹಜಾರದಲ್ಲಿ ಕಪ್ಪು ಫೋನಿಗೆಂದೇ ಮಾಡಿಸಿದ ತೇಗದ ಸ್ಟ್ಯಾಂಡು ಇತ್ತು. ಫೋನು ಹೋದ ಮೇಲೂ ಅದರ ಮೇಲೆ ಇನ್ನೊಂದು ವಸ್ತು ಇಡಲು ಅಪ್ಪ ಬಿಡುತ್ತಿರಲಿಲ್ಲ. ಒಂದು ಭಾನುವಾರ ಗರಗಸದ ಸದ್ದು ಕೇಳಿ ಹೊರಬಂದರೆ ಅಂಗಳದಲ್ಲಿ ಆ ಸ್ಟ್ಯಾಂಡಿನ ಕಾಲುಗಳನ್ನು ಸುಬ್ಬನ ಎದೆಯ ಮಟ್ಟಕ್ಕೆ ಕೊಯ್ಯುತ್ತಿದ್ದರು. ಅಮ್ಮ ಏನೋ ಹೇಳಹೊರಟವರು ಸುಮ್ಮನಾದರು. ಈಗ ಸುಬ್ಬ ಊಟಕ್ಕೆ ನಿಂತರೆ ಯಾರಿಗೋ ಟ್ರಂಕ್ ಕಾಲ್ ಬುಕ್ ಮಾಡುವ ಗಾಂಭೀರ್ಯವಿರುತ್ತದೆ.

ಮೊದಲೆಲ್ಲ ಇಬ್ಬರೂ ಹಲಸೂರು ಕೆರೆ ದಾಟಿ ಕೆನ್ಸಿಂಗ್ಟನ್ ರಸ್ತೆಯ ಗುರುದ್ವಾರದವರೆಗೆ ಹೋಗಿ ಬರುತ್ತಿದ್ದರು. ಆಗ ಸುಬ್ಬ ಹಗ್ಗ ಎಳೆಯುವನು, ಅಪ್ಪ ಬೈಯುವರು. ಈಗ ನಡಿಗೆ ದೇವಸ್ಥಾನದವರೆಗೆ ಮಾತ್ರ, ಯಾರೂ ಯಾರನ್ನೂ ಎಳೆಯುವುದಿಲ್ಲ. ಹಿಂದಿನಿಂದ ಸ್ಕೂಟರ್ ಹಾರ್ನ್ ಮಾಡಿದರೆ ಇಬ್ಬರೂ ಕತ್ತು ತಿರುಗಿಸಲಾಗದೆ ಇಡೀ ದೇಹವನ್ನೇ ತಿರುಗಿಸಿ ನಿಲ್ಲುತ್ತಾರೆ, ಒಬ್ಬರು ಬಲದಿಂದ, ಇನ್ನೊಬ್ಬರು ಎಡದಿಂದ. ನಡುವೆ ಹಗ್ಗ ಸುತ್ತಿಕೊಳ್ಳುತ್ತದೆ. ಸವಾರ ಕಾಲೂರಿ ಕಾಯುತ್ತಾನೆ.

ಬೀದಿನಾಯಿಗಳದು ಬೇರೆ ಲೆಕ್ಕ. 2023ರ ಬಿಬಿಎಂಪಿ ಸಮೀಕ್ಷೆಯ ಪ್ರಕಾರ ನಗರದಲ್ಲಿ ಅವು 2.79 ಲಕ್ಷ, ನಮ್ಮ ಗಲ್ಲಿಯ ಪಾಲು ಕಡಿಮೆಯೇನಲ್ಲ. ನಾಯಿಗಳ ರಾಜಿ ಸಂಧಾನವೆಲ್ಲ ಕತ್ತಿನಲ್ಲೇ ನಡೆಯುತ್ತದೆ: ತಲೆ ತಗ್ಗಿಸಿದರೆ ಶರಣು, ಪಕ್ಕಕ್ಕೆ ಹೊರಳಿಸಿದರೆ ನನಗೆ ಜಗಳ ಬೇಡ ಎಂದು. ನಮ್ಮವನಿಂದ ಎರಡೂ ಆಗದು. ಯಾವ ಗುರುಗುಟ್ಟುವಿಕೆಗೂ ಬಾಗದ ಈ ಗಿಡ್ಡನನ್ನು ನೋಡಿ ಗಲ್ಲಿಯ ದಾದಾಗಳಿಗೆ ಗೊಂದಲ. ಇವನ ಹಿಂದೆ ಯಾರೋ ದೊಡ್ಡವರಿದ್ದಾರೆ ಎಂದುಕೊಂಡು ದಾರಿ ಬಿಡುತ್ತವೆ. ಅಪ್ಪನಿಗೆ ಇದರಲ್ಲಿ ಹೆಮ್ಮೆ. ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿರುವ ಆತಕೂರಿನ ಕಲ್ಲನ್ನು ಎಲ್ಲರಿಗೂ ನೆನಪಿಸುತ್ತಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಹತ್ತನೆಯ ಶತಮಾನದ್ದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು. "ಕಾಳಿ ಹಂದಿ ಜೊತೆ, ನಮ್ಮ ಸುಬೇದಾರ್ರು ಪಟಾಕಿ ಜೊತೆ" ಎನ್ನುತ್ತಾರೆ ಅಪ್ಪ. ಕಾಳಿಗೆ ವೀರಗಲ್ಲು ಸಿಕ್ಕಿತು, ಸುಬ್ಬನಿಗೆ ಫೋನ್ ಸ್ಟ್ಯಾಂಡು.

ದೇವಸ್ಥಾನದ ಮುಂದೆ ಇಬ್ಬರೂ ನಿಲ್ಲುತ್ತಾರೆ. ಗೋಪುರ ನೋಡಲು ಕತ್ತೆತ್ತಬೇಕು, ಆಗುವುದಿಲ್ಲ. ಒಳಗೆ ಕೈಲಾಸ ಎತ್ತಿದ ರಾವಣನ ಶಿಲ್ಪವಿದೆ, ಅದು ಅಪ್ಪನಿಗೆ ಅಚ್ಚುಮೆಚ್ಚು. "ಹತ್ತು ತಲೆ, ಮೇಲೆ ಬೆಟ್ಟ. ಇವನ ಎಕ್ಸ್‌ರೇ ತೆಗೆಸಿದ್ರೆ ಏನು ಕಾಣ್ತಿತ್ತೋ!"

ಹೋದ ವಾರ ಅಪ್ಪ ಮೇಸ್ತ್ರಿಯನ್ನು ತಾವೇ ಕರೆಸಿದರು. ಬಚ್ಚಲುಮನೆಯ ಗೋಡೆಗೆ ಸೊಂಟದ ಎತ್ತರಕ್ಕೆ ಸ್ಟೀಲಿನ ಹಿಡಿ ಹಾಕಬೇಕಂತೆ. ವರ್ಷಗಳಿಂದ ನಾವು ಕೇಳಿಕೊಂಡಿದ್ದು ಅದನ್ನೇ.

"ಯಾರಿಗೆ ಸಾರ್, ನಿಮಗಾ?" ಮೇಸ್ತ್ರಿ ಟೇಪು ಬಿಚ್ಚಿದ.

"ನನಗ್ಯಾಕಪ್ಪ? ನಾಯಿಗೆ ಸ್ನಾನ ಮಾಡಿಸೋವಾಗ ಬೇಕಾಗುತ್ತೆ."

ಮೇಸ್ತ್ರಿ ಸುಬ್ಬನನ್ನು ನೋಡಿದ, ಗೋಡೆಯ ಮೇಲಿನ ಗುರುತನ್ನು ನೋಡಿದ, ಮತ್ತೆ ಸುಬ್ಬನನ್ನು ನೋಡಿದ. ಅಮ್ಮ ಅಡಿಗೆಮನೆಯಿಂದಲೇ ಕೂಗಿದರು: "ಎರಡು ಹಾಕ್ಬಿಡಪ್ಪ. ಇನ್ನೊಂದು ಕಮೋಡ್ ಪಕ್ಕ. ಅದೂ ನಾಯಿಗೇನೇ."