ಮೂಜಿ ಬೆದ್ರ

ಬಿ.ಸಿ. ರೋಡಿನಿಂದ ಸಿದ್ದಕಟ್ಟೆ ಮಾರ್ಗವಾಗಿ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಬಂದು ನಿಂತರೆ ನಾನು ಹೇಳುವುದು ಎರಡೇ ಶಬ್ದ: "ಮೂಜಿ ಬೆದ್ರ". ಮೂಡುಬಿದಿರೆಗೆ ಮೂರು ಟಿಕೇಟು. ತುಳು ಬಾಯಿಯಲ್ಲಿ ಊರಿನ 'ಮೂಡು' ಉದುರಿಹೋಗುತ್ತದೆ. ಆ ಮೂಡು ಮೂರಲ್ಲ, ಪೂರ್ವ ದಿಕ್ಕು. ಕಡಲ ಬದಿಯ ಪಡುಬಿದ್ರಿಗೆ ಜೋಡಿ.

ಮೂಜಿ ಮತ್ತು ಮೂರು ಒಂದೇ ಬೇರಿನವು. ಹಳಗನ್ನಡದಲ್ಲಿ ಅದು ಮೂಱು, ಶಕಟರೇಫದ್ದು. ಆಱು ಕೂಡ ಹಾಗೆಯೇ. ಅದಕ್ಕೇ ನಮ್ಮಲ್ಲಿ ಆರು ಆಜಿ, ಮೂರು ಮೂಜಿ. ಜನರನ್ನು ಎಣಿಸುವಾಗ ಕನ್ನಡಕ್ಕೆ ಮೂವರು, ತುಳುವಿಗೆ ಮೂವೆರ್. ಬಸ್ಸಿನ ಹಿಂದಿನ ಸೀಟಿನ ಕೊಂಕಣಿಯವರಿಗೂ ವಸ್ತುವಾದರೆ ತೀನ್, ಮನುಷ್ಯರಾದರೆ ತೆಗಾಂ.

ಶಾಲೆಯಲ್ಲಿ ನಾನು "ನಮ್ಮ ಮನೆಯಲ್ಲಿ ಮೂರು ಮಕ್ಕಳು" ಎಂದು ಬರೆದಿದ್ದೆ. ಮಾಸ್ಟ್ರು ಕೆಂಪು ಗೆರೆ ಎಳೆದು 'ಮೂವರು' ಎಂದು ತಿದ್ದಿದರು. ತುಳುವಿನಲ್ಲಿ ದೊಡ್ಡವರು "ಎಂಕುಲು ಮೂವೆರ್" ಎಂದುಕೊಳ್ಳುತ್ತಾರೆ, ಮಕ್ಕಳು ಮಾತ್ರ "ಮೂಜಿ ಜೋಕುಲು". ನಾನು ಬರೆದದ್ದು ಕನ್ನಡ ಅಕ್ಷರದ ತುಳು. ಗೆರೆ ಬಿದ್ದದ್ದೂ ಅದರ ಮೇಲೆಯೇ.

ಬೆದ್ರದಲ್ಲಿ ಇಳಿದರೆ ಸಂಸ್ಕೃತದ 'ತ್ರಯ' ಎದುರಾಗುತ್ತದೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಮೂರು ಅಂತಸ್ತು. ಹೆಸರು ತ್ರಿಭುವನ ತಿಲಕ ಚೂಡಾಮಣಿ. ಗುರುಬಸದಿ ಶತಮಾನಗಳ ಕಾಲ ಕಾಪಾಡಿದ ಧವಲ, ಜಯಧವಲ, ಮಹಾಧವಲಗಳ ತಾಳೆಗರಿಗಳು ಧವಲತ್ರಯ. ಸಮ್ಯಗ್ದರ್ಶನ, ಜ್ಞಾನ, ಚಾರಿತ್ರಗಳಿಗೆ ಜೈನರು ಇಟ್ಟ ರತ್ನತ್ರಯ ಎಂಬ ಹೆಸರನ್ನೇ ಪಂಪ, ಪೊನ್ನ, ರನ್ನರಿಗೂ ತೊಡಿಸಿದ್ದೇವೆ.

ನನಗೆ ತಮಾಷೆ ಅನ್ನಿಸುವುದು ಪತ್ರಿಕೆಯವರ 'ತ್ರಿವಳಿ'. ಒಂದೇ ಹೆರಿಗೆಯಲ್ಲಿ ಮೂರು ಶಿಶು ಹುಟ್ಟಿದರೆ ಈ ಶಬ್ದ. ಅವಳಿಯ ಮೂಲ ಸಂಸ್ಕೃತದ ಯಮಲ. ಅದರಲ್ಲಿನ 'ಅ'ಕಾರಕ್ಕೂ ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಅದನ್ನು ಕಿತ್ತು ಅಲ್ಲಿಗೆ 'ತ್ರಿ' ಹೊಲಿದರು. ಹಳೆಯ ಕಾವ್ಯಗಳಲ್ಲಿ ತ್ರಿವಳಿ ಎಂದರೆ ಹೆಣ್ಣಿನ ಹೊಟ್ಟೆಯ ಮೇಲಿನ ಮೂರು ಮಡಿಕೆ! ಆಮೇಲೆ ತಲಾಖಿಗೂ ಅದೇ ಅಂಟಿಕೊಂಡಿತು; 2017ರ ಸುಪ್ರೀಂ ಕೋರ್ಟ್ ತೀರ್ಪಿನ ಮರುದಿನ ಮುಖಪುಟಗಳ ತುಂಬ ತ್ರಿವಳಿಯೇ. ಒರಟು ಹೊಲಿಗೆ, ಒಪ್ಪುತ್ತೇನೆ. ಆದರೆ ನಿಂತಿದೆ, ತೆಗೆಯಲು ಬರುವುದಿಲ್ಲ.

ತುಳು ಪಾಡ್ದನಗಳಲ್ಲಿ ಅವಳಿಗಳಿಗೆ ಬರವಿಲ್ಲ: ಕೋಟಿ ಚೆನ್ನಯ, ಕಾಂತಾಬಾರೆ ಬೂದಾಬಾರೆ, ಅಬ್ಬಗ ದಾರಗ. ಈ ಕತೆಗಳನ್ನು ಕೇಳಿಕೊಂಡೇ ಬೆಳೆದವರು ಬೆಳ್ತಂಗಡಿ ಕಡೆಯ ನಮ್ಮ ದೊಡ್ಡಮ್ಮ. ಪೇಪರಿನ ಸುದ್ದಿ ಓದಿ ಹೇಳಿ, ತ್ರಿವಳಿ ಎಂದರೆ ತುಳುವಿನಲ್ಲಿ ಏನು ದೊಡ್ಡಮ್ಮ ಎಂದು ಕೇಳಿದೆ. ಅಡಿಕೆ ಸುಲಿಯುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಅವಳಿಯೇ, ಆಂಡ ಮೂಜಿ."

ಅವಳಿಯೇ, ಆದರೆ ಮೂರು.